ನೀಲ್ ದ್ವೀಪದಲ್ಲಿ ಎರಡು ರಾತ್ರಿ: ರೂಮು ಪರವಾಗಿಲ್ಲ, ನೀರಿನ ಟೈಮು ಕೇಳಿಕೊಂಡು ಹೋಗಿ

ಮೊದಲೇ ಹೇಳಿಬಿಡುತ್ತೇನೆ, ನಾನು ಸಮುದ್ರದ ಕಡೆಯವನಲ್ಲ. ರಾಣೆಬೆನ್ನೂರಿನಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟುಕೊಂಡವನು. ಯಾರ ಹೊಲದ ಬೋರಿಗೆ ಎಷ್ಟು ಅಡಿಗೆ ನೀರು ಬಿತ್ತು ಅಂತ ಕೇಳಿ, ಹೇಳುತ್ತೇನೆ. ಸಮುದ್ರದ ನೀರು ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ ಅನ್ನುವುದನ್ನು ಮಾತ್ರ ಶಾಲೆಯಲ್ಲಿ ಓದಿ ಮರೆತಿದ್ದೆ. ಆ ಮರೆವಿಗೆ ಅಂಡಮಾನಿನಲ್ಲಿ ಪೂರಾ ಒಂದು ದಿನ ದಂಡ ಕಟ್ಟಿದೆ. ನೀವು ಕಟ್ಟಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಹೋದದ್ದು ನಾಲ್ಕು ಜನ. ನಾನು, ಹೆಂಡತಿ, ಏಳನೇ ಕ್ಲಾಸಿನ ಮಗಳು, ನಮ್ಮವ್ವ. ಅವ್ವನಿಗೆ 68, ಎರಡೂ ಮೊಣಕಾಲು ನೋವು. ಬೆಂಗಳೂರಿನ ಒಂದು ಟ್ರಾವೆಲ್ಸ್‌ನವರ ಹತ್ತಿರ ಐದು ರಾತ್ರಿಯ ಪ್ಯಾಕೇಜ್ ತೆಗೆದುಕೊಂಡಿದ್ದೆ. ಮೂರು ರಾತ್ರಿ ಪೋರ್ಟ್ ಬ್ಲೇರ್, ಎರಡು ರಾತ್ರಿ ನೀಲ್. ಎಲ್ಲರೂ ಹೋಗುವ ಹ್ಯಾವ್‌ಲಾಕ್ ಬಿಟ್ಟೆವು. ಅವ್ವನನ್ನು ಮತ್ತೊಂದು ಸಲ ಹಡಗು ಹತ್ತಿಸಿ ಇಳಿಸುವ ಧೈರ್ಯ ನನಗಿರಲಿಲ್ಲ.

ಹೆಸರಿನ ವಿಷಯ ಒಂದಿದೆ. 2018ರ ಡಿಸೆಂಬರ್ 30ರಂದು ನೀಲ್‌ಗೆ ಶಹೀದ್ ದ್ವೀಪ, ಹ್ಯಾವ್‌ಲಾಕ್‌ಗೆ ಸ್ವರಾಜ್ ದ್ವೀಪ ಅಂತ ಹೆಸರು ಬದಲಾಯಿತು. 2024ರಲ್ಲಿ ಪೋರ್ಟ್ ಬ್ಲೇರ್ ಕೂಡ ಶ್ರೀ ವಿಜಯಪುರಂ ಆಯಿತು. ಟಿಕೆಟಿನ ಮೇಲೆ ಹೊಸ ಹೆಸರು, ಆಟೋದವನ ಬಾಯಲ್ಲಿ ಹಳೇದು. ಎರಡೂ ನೆನಪಿಟ್ಟುಕೊಳ್ಳಿ. ನೀಲ್ ಅಂದರೆ ನೀಲಿ ನೀರಿನಿಂದ ಬಂದ ಹೆಸರು ಅಂತ ನಾನು ಮಗಳಿಗೆ ವಿಮಾನದಲ್ಲಿ ಭಾರೀ ಗತ್ತಿನಲ್ಲಿ ಹೇಳಿದ್ದೆ. ಅದು 1857ರ ಕಾಲದ ಜೇಮ್ಸ್ ನೀಲ್ ಅನ್ನುವ ಬ್ರಿಟಿಷ್ ಸೇನಾಧಿಕಾರಿಯ ಹೆಸರಂತೆ. ಮಗಳೇ ಹುಡುಕಿ ತೋರಿಸಿದಳು.

ಪೋರ್ಟ್ ಬ್ಲೇರ್‌ನಿಂದ ನೀಲ್‌ಗೆ ಖಾಸಗಿ ಹಡಗಿನಲ್ಲಿ ಒಂದೂವರೆ ಗಂಟೆ ಹಿಡಿಯಿತು. ಒಳಗೆ ಎಸಿ ಎಷ್ಟೆಂದರೆ ಅವ್ವ ಸೆರಗು ಹೊದ್ದು, ಅದರ ಮೇಲೆ ನನ್ನ ಟವೆಲ್ ಹೊದ್ದು ಕೂತಳು. ಸ್ವೆಟರ್ ಇಟ್ಟುಕೊಳ್ಳಿ. ಬಿಸಿಲಿನ ದ್ವೀಪಕ್ಕೆ ಸ್ವೆಟರ್ ಯಾಕೆ ಅಂತ ನಗಬೇಡಿ.

ಜೆಟ್ಟಿಗೆ ಇಳಿದ ಕೂಡಲೇ ಪಕ್ಕದಲ್ಲೇ ಭರತಪುರ ಬೀಚ್ ಕಾಣುತ್ತದೆ. ಆ ನೀರಿನ ಬಣ್ಣ ನಾನು ಮೊದಲೇ ನೋಡಿದ್ದೆ. ಶಿರಸಿ ಕಡೆ ಅಡಿಕೆಗೆ ಹೊಡೆಯಲು ಮೈಲುತುತ್ತ, ಸುಣ್ಣ ಕಲಸಿ ಡ್ರಮ್ಮಿನಲ್ಲಿ ಬೋರ್ಡೋ ಮಾಡಿಟ್ಟಿರುತ್ತಾರಲ್ಲ, ಥೇಟ್ ಅದೇ ಬಣ್ಣ. ಆದರೆ ಇಲ್ಲಿ ತಳ ಕಾಣುತ್ತದೆ.

ಈಗ ದಂಡದ ಕಥೆ. ಪ್ಯಾಕೇಜಿನ ಹಾಳೆಯಲ್ಲಿ ಮೊದಲ ದಿನಕ್ಕೆ ಹೀಗೆ ಬರೆದಿತ್ತು: 11.45ಕ್ಕೆ ನ್ಯಾಚುರಲ್ ಬ್ರಿಡ್ಜ್, ಊಟ, 3.30ಕ್ಕೆ ಭರತಪುರದಲ್ಲಿ ಗಾಜಿನ ತಳದ ದೋಣಿ, ಸಂಜೆ ಲಕ್ಷ್ಮಣಪುರದಲ್ಲಿ ಸೂರ್ಯಾಸ್ತ. ನೋಡಲು ಎಷ್ಟು ಚೆಂದ! ನ್ಯಾಚುರಲ್ ಬ್ರಿಡ್ಜ್ ಅಂದರೆ ಅಲೆಗಳೇ ಕೊರೆದು ಮಾಡಿದ ಕಲ್ಲಿನ ದೊಡ್ಡ ಕಮಾನು. ಅಲ್ಲಿನ ಬಂಗಾಳಿಗಳು ಅದಕ್ಕೆ ಹೌರಾ ಬ್ರಿಡ್ಜ್ ಅನ್ನುತ್ತಾರೆ. ಅದರ ಹತ್ತಿರ ಹೋಗಲು ದಂಡೆಯ ಮೇಲಿನ ಕಲ್ಲುಗಳ ಮೇಲೆ ನಡೆಯಬೇಕು. ನಾವು ಹೋದಾಗ ಆ ಕಲ್ಲುಗಳೇ ಇರಲಿಲ್ಲ. ಅಂದರೆ, ನೀರಿನ ಕೆಳಗಿದ್ದವು. ಡ್ರೈವರ್ ನಮ್ಮನ್ನು ಮೆಟ್ಟಿಲ ಹತ್ತಿರ ಬಿಟ್ಟು, ಅರ್ಧ ಗಂಟೆಯಲ್ಲಿ ಬನ್ನಿ ಅಂತ ಹೇಳಿ ಸೀಟು ಹಿಂದಕ್ಕೆ ಮಾಡಿ ಮಲಗಿದ. ಮೊಣಕಾಲುದ್ದ ನೀರಿನಲ್ಲಿ ಇಪ್ಪತ್ತು ಹೆಜ್ಜೆ ಹೋಗುವಷ್ಟರಲ್ಲಿ ಮಗಳ ಪಾದ ಸತ್ತ ಹವಳಕ್ಕೆ ತಾಗಿ ಸೀಳಿತು. ಹಿಂದಕ್ಕೆ ಬಂದೆವು. ಕಮಾನು ದೂರದಲ್ಲಿ ಅರ್ಧ ಕಂಡಿತು.

ಮಧ್ಯಾಹ್ನ ಭರತಪುರಕ್ಕೆ ಹೋದರೆ ಇನ್ನೊಂದು ಆಟ. ಬೆಳಿಗ್ಗೆ ಕಂಡ ಬೋರ್ಡೋ ಬಣ್ಣದ ನೀರು ಎಲ್ಲಿ ಹೋಯಿತೋ ಏನೋ. ಕೆಸರು ಬಣ್ಣದ ಕಲ್ಲು, ಪಾಚಿ, ನಡುನಡುವೆ ಹೊಂಡ. ದೋಣಿಗಳು ಸಂತೆ ಮುಗಿದ ಮೇಲಿನ ಎತ್ತುಗಳ ಹಾಗೆ ಪಕ್ಕಕ್ಕೆ ವಾಲಿ ಮಲಗಿದ್ದವು. ದೋಣಿಯವನು ಕೈ ಆಡಿಸಿದ. ಇವತ್ತಿಗೆ ಮುಗಿಯಿತು, ನಾಳೆ ಬೆಳಿಗ್ಗೆ ಬನ್ನಿ. ಟ್ರಾವೆಲ್ಸ್‌ಗೆ ಫೋನ್ ಮಾಡಿದರೆ ಸಿಗ್ನಲ್ ಸಿಗಲಿಲ್ಲ. ಸಿಕ್ಕ ಮೇಲೆ ಮೆಸೇಜ್ ಹಾಕಿದೆ. ಆ ಕಡೆಯಿಂದ ಹೆಬ್ಬೆರಳು ಎತ್ತಿದ ಒಂದು ಚಿತ್ರ ಬಂತು. ಇವತ್ತಿಗೂ ಅದರ ಅರ್ಥ ನನಗೆ ಆಗಿಲ್ಲ.

ಭರತ ಅಂದರೆ ನಮ್ಮ ಭಾಷೆಯಲ್ಲಿ ಏರುವ ನೀರು ಅಲ್ವಾ. ನಾವು ಇಳಿತದ ಹೊತ್ತಿಗೆ ಭರತಪುರಕ್ಕೆ ಹೋಗಿದ್ದೆವು.

ಸಂಜೆ ಉಳಿಯುವ ಮನೆಗೆ ಬಂದಾಗ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಇದು ಹೋಟೆಲಲ್ಲ, ಹೋಮ್‌ಸ್ಟೇ. ನಾಲ್ಕೇ ರೂಮು. ಸುತ್ತ ಅಡಿಕೆ, ತೆಂಗು, ಬಾಳೆ. ಹೆಸರು ಬರೆಯುವುದಿಲ್ಲ, ಬೇಡ ಅಂತ ಮನೆಯವರೇ ಅಂದರು. ಗುರುತು ಹೇಳುತ್ತೇನೆ: ಬಜಾರಿನಿಂದ ಲಕ್ಷ್ಮಣಪುರದ ಕಡೆ ಹೋಗುವಾಗ ಗೇಟಿನ ಪಕ್ಕ ಹಳದಿ ಬಣ್ಣದ ಹಳೇ ದೋಣಿ ಬೋರಲು ಬಿದ್ದಿದೆ. ಅದರ ಮೇಲೆ ಒಂದು ಕೋಳಿ ಇರುತ್ತದೆ. ನಾವು ಇದ್ದಷ್ಟು ದಿನ ಇತ್ತು.

ಮನೆಯವರು ಬಂಗಾಳಿಗಳು. ದೇಶ ಭಾಗವಾದ ಮೇಲೆ ಪೂರ್ವ ಪಾಕಿಸ್ತಾನದಿಂದ ಬಂದ ಕುಟುಂಬಗಳನ್ನು ಸರ್ಕಾರ ಈ ದ್ವೀಪಗಳಲ್ಲಿ ನೆಲೆ ಮಾಡಿಸಿತ್ತು. ಇವರ ಅಜ್ಜ ಹಾಗೆ ಬಂದವರು. ಊರಿನ ಹೆಸರುಗಳೆಲ್ಲ ರಾಮಾಯಣದವು: ಭರತಪುರ, ಲಕ್ಷ್ಮಣಪುರ, ಸೀತಾಪುರ, ರಾಮನಗರ. "ಹಂಗಾರೆ ಹಣಮಪ್ಪ ಎಲ್ಲಿ?" ಅಂತ ಅವ್ವ ಕೇಳಿದಳು. ನಾನು ಹಿಂದಿಗೆ ತಿರುಗಿಸಿದೆ. ಓನರ್ ನಕ್ಕು, ಅಂಡಮಾನ್ ಅನ್ನುವುದೇ ಹನುಮಾನ್ ಅನ್ನುವುದರಿಂದ ಬಂದದ್ದು ಅಂತ ನಮ್ಮ ಕಡೆ ಹೇಳುತ್ತಾರೆ ಅಂದರು. ಅವ್ವನಿಗೆ ಸಮಾಧಾನವಾಯಿತು.

ಅವತ್ತು ಅವ್ವ ಬೆಳಿಗ್ಗೆಯಿಂದ ಒಂದೇ ರಾಗ ಹಾಡುತ್ತಿದ್ದಳು. "ಭಾರತ ಹುಣ್ಣಿವಿ ದಿನ ಎಲ್ಲಮ್ಮನ ಗುಡ್ಡಕ್ಕ ಹೋಗೋದು ಬಿಟ್ಟು ಈ ನಡುಗಡ್ಡ್ಯಾಗ ತಂದು ಕುಂದರಿಸಿದಿ." ಸವದತ್ತಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುತ್ತಿದ್ದ ಕಾಲದವಳು. ವಿಮಾನದ ಟಿಕೆಟ್ ಕಡಿಮೆಗೆ ಸಿಕ್ಕ ದಿನ ನೋಡಿ ಬುಕ್ ಮಾಡಿದ ನನಗೆ ಹುಣ್ಣಿಮೆ ಎಲ್ಲಿ ನೆನಪಿರಬೇಕು. ಚಹಾ ಕುಡಿಯುವಾಗ ಮತ್ತೆ ಅದೇ ಗೊಣಗಿದಳು. ಏನಂತೆ ಅಂತ ಓನರ್ ಕೇಳಿದರು. ಇವತ್ತು ಪೂರ್ಣಿಮೆ ಅನ್ನುತ್ತಿದ್ದಾರೆ ಅಂದೆ.

ಅವರು ಕಪ್ಪು ಕೆಳಗಿಟ್ಟರು. "ಪೂರ್ಣಿಮೆ ದಿನ ಹನ್ನೊಂದೂಮುಕ್ಕಾಲಿಗೆ ಬ್ರಿಡ್ಜಿಗೆ ಕಳಿಸಿದವರು ಯಾರು?"

ಒಳಗೆ ಹೋಗಿ ಬಂಗಾಳಿ ಪಂಚಾಂಗ ತಂದರು. ಅದಕ್ಕೆ ಪಂಜಿಕಾ ಅನ್ನುತ್ತಾರೆ. ಗುಲಾಬಿ ಬಣ್ಣದ ರಟ್ಟು, ನಮ್ಮ ಪಂಚಾಂಗಕ್ಕಿಂತ ಎರಡು ಪಟ್ಟು ದಪ್ಪ. ಅವರು ಹೇಳಿದ ಲೆಕ್ಕ ಹೀಗೆ. ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ಇಲ್ಲಿ ಹೆಚ್ಚುಕಡಿಮೆ ಬೆಳಿಗ್ಗೆ ಒಂಬತ್ತು-ಹತ್ತಕ್ಕೆ ನೀರು ತುಂಬಿರುತ್ತದೆ, ಮಧ್ಯಾಹ್ನ ಮೂರೂವರೆ-ನಾಲ್ಕಕ್ಕೆ ತಳ ಮುಟ್ಟುತ್ತದೆ. ಆಮೇಲೆ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ಅಷ್ಟಮಿ ಹೊತ್ತಿಗೆ ಪೂರ್ತಿ ಉಲ್ಟಾ ಆಗಿ ಬೆಳಿಗ್ಗೆಯೇ ಇಳಿತ ಬರುತ್ತದೆ. ಆದರೆ ಅಷ್ಟಮಿಯ ನೀರು ಸೋಮಾರಿ, ಜಾಸ್ತಿ ಏರುವುದೂ ಇಲ್ಲ, ಜಾಸ್ತಿ ಇಳಿಯುವುದೂ ಇಲ್ಲ. ಹುಣ್ಣಿಮೆಯ ನೀರು ಎರಡೂ ಕಡೆ ದೂರ ಹೋಗುತ್ತದೆ. ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಯಲ್ಲಿ ನಿಂತು ಎಳೆಯುವ ದಿನ ಅದು. ನಿಖರ ಟೈಮು ಬೇಕಾದರೆ ಫೋನಿನಲ್ಲೇ ಸಿಗುತ್ತದೆ. ಅಂದಾಜಿಗೆ ತಿಥಿ ಸಾಕು.

ಅಂದರೆ ನಮ್ಮ ಪ್ಯಾಕೇಜಿನ ಹಾಳೆ ಸುಳ್ಳಲ್ಲ. ಅಷ್ಟಮಿಗೆ ಬಂದಿದ್ದರೆ ಅರ್ಧ ಮಟ್ಟಿಗಾದರೂ ಸರಿ ಹೋಗುತ್ತಿತ್ತು. ಅದೇ ಹಾಳೆಯನ್ನು ವರ್ಷದ ಎಲ್ಲ ದಿನಕ್ಕೂ ಜೆರಾಕ್ಸ್ ಹೊಡೆದು ಕೊಡುತ್ತಾರೆ, ಅಷ್ಟೇ. ಓನರ್ ಪೆನ್ನು ತೆಗೆದುಕೊಂಡು ಎರಡನೇ ದಿನದ ಸಾಲುಗಳ ಮೇಲೆ ಬಾಣ ಹಾಕಿ ಹಿಂದುಮುಂದು ಮಾಡಿದರು. ಡ್ರೈವರ್‌ಗೂ ಅವರೇ ಬಂಗಾಳಿಯಲ್ಲಿ ಹೇಳಿದರು. ಈ ಕೆಲಸಕ್ಕೆ ಅವರು ಒಂದು ಪೈಸೆ ಕೇಳಲಿಲ್ಲ. ನಾನು ಸ್ಟಾರ್ ಕೊಡುವುದು ಇದಕ್ಕೆ.

ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಭರತಪುರ. ದೋಣಿಗಳೆಲ್ಲ ಎದ್ದು ನಿಂತಿದ್ದವು. ಗಾಜಿನ ತಳದ ದೋಣಿಯಲ್ಲಿ ಹವಳ ಕಾಣುತ್ತದೆ, ಹಳದಿ ಪಟ್ಟೆಯ ಮೀನು ಕಾಣುತ್ತದೆ. ಗಾಜು ಗೀರು ಬಿದ್ದು ಮಂಜಾಗಿದೆ. ಕೆಲವು ಕಡೆ ಹವಳ ಬೆಳ್ಳಗೆ ಸುಣ್ಣದ ಹಾಗಿದೆ, ಜೀವ ಇಲ್ಲ. ಮಗಳಿಗೆ ಖುಷಿ. ನನಗೆ ಕೊಟ್ಟ ದುಡ್ಡಿಗೆ ಅಷ್ಟಕ್ಕಷ್ಟೇ ಅನ್ನಿಸಿತು. ಅದರ ಬದಲು ದಂಡೆಯಲ್ಲೇ ಸೊಂಟದುದ್ದ ನೀರಿನಲ್ಲಿ ಒಂದು ಗಂಟೆ ಸುಮ್ನೆ ಕೂತದ್ದು ಚೆನ್ನಾಗಿತ್ತು. ಅಲೆ ಇಲ್ಲವೇ ಇಲ್ಲ, ಕೆರೆಯ ಹಾಗೆ. ಅವ್ವ ಕೂಡ ಸೀರೆ ಎತ್ತಿ ಕಟ್ಟಿ ಮಂಡಿ ಮುಳುಗುವಷ್ಟು ನೀರಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತಳು. ಮೊಣಕಾಲಿಗೆ ಹಿತ ಆಯಿತಂತೆ.

ಮೂರು ಗಂಟೆಗೆ ಮತ್ತೆ ನ್ಯಾಚುರಲ್ ಬ್ರಿಡ್ಜ್. ಅದೇ ಮೆಟ್ಟಿಲು, ಅದೇ ನಿಂಬೆ ಶರಬತ್ತಿನ ಅಂಗಡಿ. ಆದರೆ ಜಾಗ ಬೇರೆ! ನಿನ್ನೆ ಸಮುದ್ರ ಇದ್ದಲ್ಲಿ ಇವತ್ತು ಕಲ್ಲಿನ ಬಯಲು ಬಿದ್ದಿತ್ತು. ಕಮಾನಿನ ಕೆಳಗೆ ಜನ ಓಡಾಡುತ್ತಿದ್ದರು. ಹೆಂಡತಿ, ಮಗಳು ಅಲ್ಲಿಯವರೆಗೆ ಹೋಗಿ ಫೋಟೋ ತೆಗೆಸಿಕೊಂಡರು. ನಾನೂ ಹೋಗಿ ಬಂದೆ. ಕಮಾನು ದೊಡ್ಡದೇ, ಮೇಲೆ ಗಿಡ ಬೆಳೆದಿದೆ. ನೋಡಬೇಕಾದ್ದೇ. ಆದರೆ ಫೋಟೋದಲ್ಲಿ ಇದ್ದ ಹಾಗೆಯೇ ಇದೆ.

ಅವ್ವನಿಗೆ ಆ ಕಲ್ಲಿನ ಮೇಲೆ ಅಷ್ಟು ದೂರ ಆಗುವುದಿಲ್ಲ. ಮೆಟ್ಟಿಲಿಳಿದು ಹತ್ತು ಹೆಜ್ಜೆಗೇ ಒಂದು ಕಲ್ಲಿನ ಮೇಲೆ ಕೂತಳು. ಮುಂದೆ ರೊಟ್ಟಿ ಬಡಿಯುವ ಪರಾತದಷ್ಟು ಅಗಲದ ಒಂದು ಹೊಂಡ. ನಾನು ತಿರುಗಿ ಬಂದಾಗ ಅವಳು ಬಗ್ಗಿ ಅದರೊಳಗೆ ನೋಡುತ್ತಿದ್ದಳು. "ಬಾ ಇಲ್ಲಿ, ಮಾತಾಡಬ್ಯಾಡ."

ಮೊದಲು ನನಗೆ ಏನೂ ಕಾಣಲಿಲ್ಲ. ಬರೀ ನೀರು, ಕಲ್ಲು. ಕೂತು ಎರಡು ನಿಮಿಷ ಆದ ಮೇಲೆ ಕಲ್ಲಿನ ಸಂದಿಯಿಂದ ಒಂದು ತೆಳ್ಳಗಿನ ಕೈ ಹೊರಗೆ ಬಂತು. ಕಂದು ಬಣ್ಣ, ಅದರ ತುಂಬ ಸಣ್ಣ ಕೂದಲಿನಂಥ ಮುಳ್ಳು. ಹಾವಿನ ಮರಿಯಂತೆ ಬಳುಕಿತು. ಪಕ್ಕದ ಸಂದಿಯಿಂದ ಇನ್ನೊಂದು. ಎಲ್ಲವೂ ಒಂದೇ ಪ್ರಾಣಿಯವಂತೆ, ನಕ್ಷತ್ರ ಮೀನಿನ ಸಂಬಂಧಿ. ಅಲ್ಲಿ ತೋರಿಸಲು ನಿಂತಿದ್ದ ಗೈಡ್ ಹುಡುಗ ಹೇಳಿದ. ತಳದಲ್ಲಿ ಕಪ್ಪಗೆ ಒಂದು ಸಮುದ್ರ ಸೌತೆ ಬಿದ್ದಿತ್ತು. ಅವ್ವನ ಪ್ರಕಾರ ಅದು ಬಲಿತ ಹೀರೇಕಾಯಿ. ಒಂದು ಪುಟ್ಟ ಶಂಖ ತಾನಾಗಿ ನಡೆದು ಹೋಯಿತು, ಕೆಳಗೆ ಏಡಿಯ ಕಾಲು. ಮತ್ತೆ ಬೆರಳುಗುರಿನಷ್ಟು ಐದಾರು ನೀಲಿ ಮೀನು. ಅವು ಹೊಂಡದ ಈ ಅಂಚಿನಿಂದ ಆ ಅಂಚಿಗೆ ಹೋಗುತ್ತವೆ, ತಿರುಗುತ್ತವೆ, ಬರುತ್ತವೆ. ನೀರು ಹಿಂದೆ ಸರಿದಾಗ ಇಲ್ಲೇ ಉಳಿದುಬಿಟ್ಟವು.

"ಪಾಪ, ಇನ್ನು ಹೆಂಗ ಹೊಕ್ಕಾವು?" ಅಂದೆ.

"ರಾತ್ರಿ ನೀರು ಬರ್ತೈತಲ್ಲ. ಬಸ್ ಬರೂ ತನಕ ಕುಂದರ್ತಾವು," ಅಂದಳು ಅವ್ವ. ನಿನ್ನೆ ಪಂಜಿಕಾ ಲೆಕ್ಕ ಕೇಳಿದವಳು ಅವಳೇ, ನಾನು ಬರೀ ತರ್ಜುಮೆ ಮಾಡಿದ್ದೆ.

ನಾಲ್ಕೂವರೆಗೆ ಗೈಡ್ ಹುಡುಗರು ಎಲ್ಲರನ್ನೂ ವಾಪಸ್ ಕರೆದರು. ನೀರು ತಿರುಗುವಾಗ ಸದ್ದಿಲ್ಲದೆ ತಿರುಗುತ್ತದೆ. ಅವರು ಕರೆದಾಗ ಬಂದುಬಿಡಿ. ಕಾಲಿಗೆ ಬಾರ್ ಇರುವ ಚಪ್ಪಲಿ ಹಾಕಿ, ಹವಾಯಿ ಚಪ್ಪಲಿ ಜಾರುತ್ತದೆ. ಹವಳ, ಶಂಖ ಏನನ್ನೂ ಜೇಬಿಗೆ ಹಾಕಬೇಡಿ. ಹವಳವೂ ಸಮುದ್ರ ಸೌತೆಯೂ 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿಯ ಜೊತೆ ಮೊದಲ ಪಟ್ಟಿಯಲ್ಲೇ ಇವೆ. ಏರ್‌ಪೋರ್ಟಿನಲ್ಲಿ ಬ್ಯಾಗ್ ನೋಡುತ್ತಾರೆ. ನಮ್ಮ ಮಗಳ ಪೌಚಿನಿಂದ ಒಂದು ಬಿಳೀ ಚೂರು ಅಲ್ಲೇ ವಾಪಸ್ ಹಾಕಿಸಿದೆ, ಮುಖ ಊದಿಸಿಕೊಂಡಳು.

ಲಕ್ಷ್ಮಣಪುರ ಬೀಚಿನ ಸೂರ್ಯಾಸ್ತಕ್ಕೆ ಐದು ಗಂಟೆಗೇ ಹೋಗಿ. ನಮ್ಮೂರಿನ ಹಾಗೆ ಆರೂವರೆಗೆ ಅಂದುಕೊಂಡರೆ ಕತ್ತಲು ಸಿಗುತ್ತದೆ. ಅಂಡಮಾನ್ ಅಷ್ಟು ಪೂರ್ವಕ್ಕಿದ್ದರೂ ಗಡಿಯಾರ ನಮ್ಮದೇ. ಫೆಬ್ರವರಿಯಲ್ಲಿ ಐದೂವರೆಯೊಳಗೆ ಸೂರ್ಯ ಮುಳುಗಿದ. ಮರಳಿನ ಮೇಲೆ ಕೂರುವುದಾದರೆ ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಕಣ್ಣಿಗೆ ಕಾಣದ ಮರಳುನೊಣ ಕಚ್ಚುತ್ತದೆ, ತುರಿಕೆ ವಾರ ಇರುತ್ತದೆ. ಸೀತಾಪುರ ಸೂರ್ಯೋದಯದ ಕಡೆ, ಅಲೆ ಜೋರು. ಮೂರನೇ ದಿನ ಬೆಳಿಗ್ಗೆ ನಾನೊಬ್ಬನೇ ಹೋಗಿ ಬಂದೆ. ಉಳಿದವರು ಮಲಗಿದ್ದರು, ಅವರು ಮಾಡಿದ್ದೂ ತಪ್ಪಲ್ಲ. ರಾಮನಗರಕ್ಕೆ ಹೋಗಲಾಗಲಿಲ್ಲ.

ಊಟ. ನಾವು ಮೀನು ತಿನ್ನುವುದಿಲ್ಲ. ದ್ವೀಪದಲ್ಲಿ ಏನು ಗತಿ ಅಂತ ಅವ್ವ ಎರಡು ಡಬ್ಬಿ ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಕೆಂಪು ಖಾರ ಕಟ್ಟಿಕೊಂಡು ಬಂದಿದ್ದಳು. ನೀಲ್ ಅಂದರೆ ಅಂಡಮಾನಿಗೆ ತರಕಾರಿ ಕೊಡುವ ದ್ವೀಪ ಅಂತ ನಮಗೆ ಗೊತ್ತಿರಲಿಲ್ಲ. ಮನೆಯ ಹಿಂದೆಯೇ ಬದನೆ, ಸೋರೆ, ಕುಂಬಳ. ಮನೆಯಾಕೆ ಬದನೆಕಾಯಿಯನ್ನು ದಪ್ಪ ಬಿಲ್ಲೆ ಕತ್ತರಿಸಿ, ಅರಿಶಿನ ಹಚ್ಚಿ ಸಾಸಿವೆ ಎಣ್ಣೆಯಲ್ಲಿ ಕರಿದು ಕೊಟ್ಟರು. ಬೇಳೆಗೆ ಕೊಬ್ಬರಿ ಚೂರು ಹಾಕಿದ್ದರು. ಸಾಸಿವೆ ಎಣ್ಣೆಯ ವಾಸನೆಗೆ ಅವ್ವ ಮೊದಲ ರಾತ್ರಿ ಮೂಗು ಮುಚ್ಚಿದಳು. ಎರಡನೇ ರಾತ್ರಿ ಎರಡು ಬಿಲ್ಲೆ ಜಾಸ್ತಿ ಹಾಕಿಸಿಕೊಂಡಳು. ಅಷ್ಟರಲ್ಲಿ ಸಮುದ್ರದ ಗಾಳಿಗೆ ನಮ್ಮ ಖಡಕ್ ರೊಟ್ಟಿ ಹಪ್ಪಳದ ಹಿಟ್ಟಿನಂತೆ ಮೆತ್ತಗಾಗಿತ್ತು. ಮನೆಯಾಕೆ ಅದನ್ನು ಬೆಂಕಿಯ ಮೇಲೆ ಹಿಡಿದು ಮತ್ತೆ ಖಡಕ್ ಮಾಡಿ, ತಾವೂ ಒಂದು ತಿಂದು, ಇದು ಮಣ್ಣಿನ ಹಾಗೆ ಚೆನ್ನಾಗಿದೆ ಅಂದರು. ಹೊಗಳಿಕೆಯೇ ಇರಬೇಕು.

ದುಡ್ಡು. ಪ್ಯಾಕೇಜ್ ಬಿಟ್ಟು ನೇರವಾಗಿ ಬಂದರೆ ರೂಮಿಗೆ ದಿನಕ್ಕೆ 2,200, ಊಟ ಬೇರೆ ಅಂದರು. ನಾವು ಪ್ಯಾಕೇಜಿನಲ್ಲಿ ಎಷ್ಟು ಕೊಟ್ಟಿದ್ದೇವೆ ಅಂತ ಲೆಕ್ಕ ಹಾಕಲು ಹೋಗಿಲ್ಲ, ಸುಮ್ನೆ ಹೊಟ್ಟೆ ಉರಿ. ನಗದು ಇಟ್ಟುಕೊಳ್ಳಿ. ಫೋನ್ ಪೇ ಒಂದು ಕಡೆ ಆಗುತ್ತದೆ, ಎರಡು ಕಡೆ ಚಕ್ರ ತಿರುಗುತ್ತಲೇ ಇರುತ್ತದೆ.

ಮನೆಯ ತಪ್ಪುಗಳನ್ನೂ ಹೇಳಬೇಕಲ್ಲ. ಹಾಸಿಗೆ ತೆಳು. ಸೊಳ್ಳೆಪರದೆಗೆ ಎರಡು ತೂತು, ಮಗಳ ಕೂದಲಿನ ರಬ್ಬರ್ ಹಾಕಿ ಕಟ್ಟಿದೆವು. ಮೊದಲ ಸಂಜೆ ಎರಡು ಗಂಟೆ ನಲ್ಲಿಯಲ್ಲಿ ನೀರಿಲ್ಲ. ಉಪ್ಪು ಮೈಯಲ್ಲಿ ನಾಲ್ಕು ಜನ ಕಾಯುವುದು ಹೇಗಿರುತ್ತದೆ ಅಂತ ಯೋಚಿಸಿ. ಹಿಂದೆ ಹೋಗಿ ನೋಡಿದರೆ ಪಂಪ್ ಹೂಂ ಅನ್ನುತ್ತಿದೆ, ತಿರುಗುತ್ತಿಲ್ಲ. ಆ ಸದ್ದು ನನಗೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಮೋಟಾರಿಗೆ ಮೊದಲ ತಳ್ಳು ಕೊಡುವ ಕಂಡೆನ್ಸರ್ ಹೋಗಿದೆ. ದ್ವೀಪದಲ್ಲಿ ಸ್ಪೇರ್ ಇಲ್ಲ, ಪೋರ್ಟ್ ಬ್ಲೇರ್‌ನಿಂದ ಹಡಗಿನಲ್ಲಿ ಬರಬೇಕು. ಹಿಂದಿನ ಜಾಲರಿ ಬಿಚ್ಚಿ, ಸ್ವಿಚ್ ಹಾಕಿದ ಕೂಡಲೇ ಒಂದು ಕಡ್ಡಿಯಿಂದ ಫ್ಯಾನ್ ತಿರುಗಿಸಿ ಬಿಟ್ಟೆ, ಹಿಡಿದುಕೊಂಡಿತು. ನೀವು ಮಾಡಬೇಡಿ, ಬೆರಳು ಹೋಗುತ್ತದೆ. ಎರಡು ದಿನ ನಾನೇ ಬೆಳಿಗ್ಗೆ ಸಂಜೆ ಚಾಲು ಮಾಡಿ ಕೊಟ್ಟೆ.

ಹೋಗುವವರು ಮೂರನೇ ನಂಬರಿನ ರೂಮು ಕೇಳಿ, ಎರಡರ ಕಿಟಕಿ ಪಂಪಿನ ಕಡೆಗಿದೆ. ಮೊನ್ನೆ ಓನರ್ ಫೋಟೋ ಕಳಿಸಿದ್ದರು, ಹೊಸ ಕಂಡೆನ್ಸರ್ ಬಂದಿದೆ. 20 ಮೈಕ್ರೋಫ್ಯಾರಡ್‌ನದ್ದು ಹಾಕಿ ಅಂತ ಬರೆದುಕೊಟ್ಟಿದ್ದೆ, 25ರದ್ದು ಹಾಕಿದ್ದಾರೆ. ನಡೆಯುತ್ತದೆ. ಸ್ವಲ್ಪ ಬಿಸಿಯಾಗುತ್ತದೆ, ಅಷ್ಟೇ.